ಮೂರನೇ ಸಿಲಿಂಡರ್ ಬಿಚ್ಚಿದ ಮೇಲೆ

ಎರಡು ವರ್ಷದಲ್ಲಿ ಎರಡು ಹಳೇ ವಿಮಾನ ನೋಡಿದೆ, ಒಂದನ್ನು ಕೊಂಡೆ. ಕೊಳ್ಳದೆ ಬಿಟ್ಟೆನಲ್ಲ, ಅದೇ ಹೆಚ್ಚು ಕೈ ಸುಟ್ಟಿದ್ದು.

ವಿಮಾನ ಕೊಂಡೆ ಅಂದರೆ ಊರಲ್ಲಿ ಜನ ಏನೇನೋ ಕಲ್ಪಿಸಿಕೊಳ್ಳುತ್ತಾರೆ. ಇದು ಸೆಸ್ನಾ 172. ಒಂದೇ ಎಂಜಿನ್, ನಾಲ್ಕು ಸೀಟು, ತಲೆಯ ಮೇಲೆ ರೆಕ್ಕೆ. 1956ರಿಂದ ಈವರೆಗೆ 44,000ಕ್ಕೂ ಹೆಚ್ಚು ತಯಾರಾಗಿವೆ. ನನ್ನದು 1975ರದ್ದು, 172ಎಂ ಮಾಡೆಲ್. ನಾನಿರುವ ಡಲ್ಲಾಸ್ ಕಡೆ ಎಲ್ಲ ಸೌಕರ್ಯದ ಹೊಸ ಪಿಕಪ್ ಟ್ರಕ್ಕಿಗೆ ಸುರಿಯುವ ದುಡ್ಡಿಗೇ ಇಂಥದೊಂದು ಸಿಗುತ್ತದೆ. ಟ್ರಕ್ಕಿಗೆ ಸಾಲ ಮಾಡಿದರೆ ಯಾರೂ ಯಾಕೆ ಅಂತ ಕೇಳುವುದಿಲ್ಲ, ಅದು ಬೇರೆ ಮಾತು.

ಅಪ್ಪನಿಗೆ ಫೋನಿನಲ್ಲಿ ಹೇಳಿದಾಗ ಮೊದಲ ಪ್ರಶ್ನೆ, “ಎಷ್ಟು ವರ್ಷದ್ದೋ ಅದು?”

“ಐವತ್ತಾಗ್ತಾ ಬಂತು.”

“ನಮ್ಮ ಅಂಬಾಸಿಡರ್ನ ಇಪ್ಪತ್ತಕ್ಕೇ ಗುಜರಿಗೆ ಹಾಕಿದ್ವಲ್ಲೋ!”

ನಮ್ಮದು ದೊಡ್ಡಬಳ್ಳಾಪುರದ ಕಡೆ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಅಪ್ಪ ಎತ್ತು ಕೊಳ್ಳುವುದನ್ನು ಚಿಕ್ಕಂದಿನಲ್ಲಿ ಕಂಡಿದ್ದೇನೆ. ಹಲ್ಲು ನೋಡುತ್ತಿದ್ದರು, ಸುಳಿ ನೋಡುತ್ತಿದ್ದರು, ನಾಲ್ಕು ಹೆಜ್ಜೆ ನಡೆಸುತ್ತಿದ್ದರು, ಆಮೇಲೆ ದಲ್ಲಾಳಿಯ ಟವೆಲ್ಲಿನಡಿ ಬೆರಳು ಹಿಡಿದು ರೇಟು. ಮನೆಗೆ ಬಂದ ಮೇಲೆ ಎತ್ತು ಕುಂಟಿದರೆ ಹಣೆಬರಹ. ಹಳೇ ವಿಮಾನದ ವ್ಯಾಪಾರವೂ ಹಾಗೇ, ಇದ್ದದ್ದು ಇದ್ದ ಹಾಗೆ. ಆದರೆ ಇಲ್ಲಿ ಕೊಳ್ಳುವ ಮುಂಚೆ ಎತ್ತಿನ ಹೊಟ್ಟೆಯೊಳಗೂ ಟಾರ್ಚ್ ಬಿಟ್ಟು ನೋಡಬಹುದು. ಅದಕ್ಕೆ ಇಲ್ಲಿನವರು ಪ್ರೀ-ಬೈ ಅನ್ನುತ್ತಾರೆ. ಒಳಗೆ ಏನಾದರೂ ಕಂಡ ಮೇಲೆ ಏನು ಮಾಡಬೇಕು ಅನ್ನುವುದನ್ನು ಮಾತ್ರ ಯಾರೂ ಸರಿಯಾಗಿ ಹೇಳಿಕೊಡುವುದಿಲ್ಲ.

ಹಾರುವ ಆಸೆ ಹಳೆಯದು. ಬೆಂಗಳೂರಿಗೆ ಬಸ್ಸಿನಲ್ಲಿ ಹೋಗುವಾಗ ಯಲಹಂಕ ದಾಟಿದ ಮೇಲೆ ಜಕ್ಕೂರಿನ ಪುಟ್ಟ ವಿಮಾನಗಳು ಕಾಣಲಿ ಅಂತ ಕಿಟಕಿ ಸೀಟಿಗೆ ತಂಗಿಯ ಜೊತೆ ಜಗಳ ಆಡುತ್ತಿದ್ದೆ. ಇಲ್ಲಿಗೆ ಬಂದು ಲೈಸೆನ್ಸ್ ಪಡೆದರೂ ವಿಮಾನ ನನ್ನ ಹೆಸರಿಗೆ ಆಗುವಂತಿರಲಿಲ್ಲ. ಇಲ್ಲಿನ ಕಾನೂನಿನಲ್ಲಿ ಒಬ್ಬ ವ್ಯಕ್ತಿ ತನ್ನದೇ ಹೆಸರಿಗೆ ವಿಮಾನ ನೋಂದಾಯಿಸಬೇಕಾದರೆ ಪೌರನಾಗಿರಬೇಕು, ಇಲ್ಲವೇ ಗ್ರೀನ್ ಕಾರ್ಡ್ ಇರಬೇಕು. ಎಚ್-1ಬಿಯಲ್ಲಿರುವವರು ಟ್ರಸ್ಟ್ ಮಾಡಿ ಅದರ ಹೆಸರಿಗೆ ಹಾಕಿಸುವುದುಂಟು, ನನಗೆ ಆ ಗೋಜಲು ಬೇಡವಾಗಿತ್ತು. ಭಾರತದವರ ಗ್ರೀನ್ ಕಾರ್ಡ್ ಸಾಲು ಎಷ್ಟುದ್ದ ಅಂತ ಗೊತ್ತಿರುವವರಿಗೆ ನನ್ನ ವಯಸ್ಸು ಲೆಕ್ಕ ಹಾಕುವುದು ಕಷ್ಟವಲ್ಲ.

ಕಾರ್ಡ್ ಬಂದ ವರ್ಷವೇ ಮೊದಲ ವಿಮಾನ ನೋಡಿದೆ. 1978ರ 172ಎನ್, ಸಮುದ್ರದ ಹತ್ತಿರದ ಊರಿನದು. ಮಾರುವವರೂ ಉತ್ಸಾಹದಲ್ಲಿದ್ದರು. ಅದರ ವಾರ್ಷಿಕ ತಪಾಸಣೆಯ ಅವಧಿ ಅದೇ ತಿಂಗಳ ಕೊನೆಗೆ ಮುಗಿಯುತ್ತಿತ್ತು. ಹೇಗೂ ಬಿಚ್ಚುತ್ತಾರೆ, ಪ್ರೀ-ಬೈಯನ್ನೇ ಆನ್ಯುಯಲ್ ಅಂತ ಬರೆಸಿಬಿಡೋಣ, ಖರ್ಚು ಒಂದೇ ಅಂದರು. ಒಂದು ಕಲ್ಲಿಗೆ ಎರಡು ಹಕ್ಕಿ ಅಂತ ನಾನೂ ಒಪ್ಪಿದೆ. 5,000 ಡಾಲರ್ ಮುಂಗಡ ಕೊಟ್ಟೆ. ಒಪ್ಪಂದ ಅಂದರೆ ಮೂರು ಸಾಲಿನ ಒಂದು ಇ-ಮೇಲ್.

ಈ ದೇಶದ ವಿಮಾನಯಾನ ಇಲಾಖೆ ಎಫ್‌ಎಎಯ ನಿಯಮಗಳಲ್ಲಿ ಪ್ರೀ-ಬೈ ಅನ್ನುವ ಮಾತೇ ಇಲ್ಲ. ಆನ್ಯುಯಲ್ ಇದೆ. 12 ತಿಂಗಳಿಗೊಮ್ಮೆ ಆಗಬೇಕು, ಅದಕ್ಕೆಂದೇ ಅಧಿಕಾರ ಪಡೆದ ಮೆಕ್ಯಾನಿಕ್ಕೇ ಸಹಿ ಹಾಕಬೇಕು. ಹಾರಲು ಯೋಗ್ಯವಲ್ಲ ಅನ್ನುವಂಥದ್ದು ಕಂಡರೆ ದೋಷಗಳ ಪಟ್ಟಿಗೆ ಸಹಿ ಹಾಕಿ, ತಾರೀಖು ಬರೆದು ಮಾಲೀಕರ ಕೈಗೆ ಕೊಟ್ಟು, ಹಾಗೆ ಕೊಟ್ಟಿದ್ದೇನೆ ಅಂತ ಲಾಗ್‌ಬುಕ್ಕಿನಲ್ಲೂ ಬರೆಯಬೇಕು. ನಮ್ಮ ಪಟ್ಟಿಯಲ್ಲಿ 23 ಅಂಶ, ಅದರಲ್ಲಿ 9 ಹಾರಾಟ ನಿಲ್ಲಿಸುವಂಥವು. ಬಾಲದ ಒಳಗೆ ಅಲ್ಯೂಮಿನಿಯಂ ಪದರ ಪದರವಾಗಿ ಬಿಚ್ಚಿಕೊಂಡಿತ್ತು, ಹಳೇ ಪುಸ್ತಕದ ಹಾಳೆಗಳ ಹಾಗೆ. ನಾನು ಬೇಡ ಅಂದೆ. ಮಾರುವವರ ಸ್ಥಿತಿ ಏನಾಯಿತು ನೋಡಿ. ಹಾರಿಕೊಂಡು ಬಂದ ವಿಮಾನ, ಈಗ ಪರರ ಊರಿನ ವರ್ಕ್‌ಶಾಪಿನಲ್ಲಿ ಬಿಚ್ಚಿದ ಹೊಟ್ಟೆಯಲ್ಲಿ ನಿಂತಿದೆ, ರಿಪೇರಿ ಮಾಡಿಸದೆ ಅಥವಾ ವಿಶೇಷ ಪರವಾನಗಿ ಇಲ್ಲದೆ ಮನೆಗೂ ಒಯ್ಯುವಂತಿಲ್ಲ. ನನ್ನಿಂದ ನೆಲ ಹಿಡಿಯಿತು ಅಂತ ಕೂಗಾಡಿದರು. ಆಗ ನನಗೂ ಸಿಟ್ಟು ಬಂದಿತ್ತು. ಈಗ ಯೋಚಿಸಿದರೆ ಅವರ ಮಾತಿನಲ್ಲಿ ಅರ್ಧ ನ್ಯಾಯ ಇತ್ತು. ತಪಾಸಣೆಗೆ 3,400 ಕೊಟ್ಟಿದ್ದೆ, ಮುಂಗಡದಲ್ಲಿ ಅರ್ಧ ಎರಡು ತಿಂಗಳಾದ ಮೇಲೆ ವಾಪಸ್ ಬಂತು.

ಎರಡನೆಯ ವಿಮಾನಕ್ಕೆ ಒಪ್ಪಂದವನ್ನು ನಾನೇ ಒಂದೂವರೆ ಪುಟ ಬರೆದೆ. ಮುಂಗಡ ಎಸ್ಕ್ರೋದಲ್ಲಿ, ಅಂದರೆ ಮೂರನೆಯವರ ಹತ್ತಿರ. ಈ ವಿಮಾನಕ್ಕೆ ಈ ಮುಂಚೆ ಎಂದೂ ಕೈ ಹಚ್ಚದ ಮೆಕ್ಯಾನಿಕ್ಕನ್ನು ನಾನು ಗೊತ್ತು ಮಾಡುತ್ತೇನೆ. ಇದು ಆನ್ಯುಯಲ್ ಅಲ್ಲ. ಹಾರುವ ಯೋಗ್ಯತೆಗೆ ಸಂಬಂಧಪಟ್ಟ ದೋಷ ಸಿಕ್ಕರೆ ಮಾರುವವರು ರಿಪೇರಿ ಮಾಡಿಸಬೇಕು, ಇಲ್ಲವೇ ಬೆಲೆ ಇಳಿಸಬೇಕು, ಎರಡೂ ಆಗದಿದ್ದರೆ ಮುಂಗಡ ಪೂರ್ತಿ ವಾಪಸ್. ಮಿಕ್ಕ ದೋಷಗಳೆಲ್ಲ ನನ್ನವು, ಅದಕ್ಕೆ ಚೌಕಾಸಿ ಇಲ್ಲ. ಏನೇ ದೊಡ್ಡದು ಬಿಚ್ಚುವ ಮುಂಚೆ ಮಾಲೀಕರ ಲಿಖಿತ ಒಪ್ಪಿಗೆ ಬೇಕು, ಬಿಚ್ಚಿದ್ದನ್ನು ಮತ್ತೆ ಜೋಡಿಸುವ ಕೂಲಿ ನನ್ನದು.

ಮಾರುವ ಯಜಮಾನರು ಕ್ಯಾನ್ಸಸ್‌ನ ಗೋಧಿ ಬೆಳೆಗಾರರು, ವಯಸ್ಸು 78. ವೈದ್ಯಕೀಯ ಸರ್ಟಿಫಿಕೇಟ್ ನವೀಕರಣ ಆಗದೆ ಹಾರುವುದು ನಿಂತಿತ್ತು. ಒಪ್ಪಂದ ಓದಿ, “ನಾಲ್ಕು ಟ್ರ್ಯಾಕ್ಟರ್ ಮಾರಿದ್ದೇನೆ, ಯಾರೂ ಇಷ್ಟು ಬರೆದಿರಲಿಲ್ಲ,” ಅಂದರು. ಆದರೂ ಸಹಿ ಹಾಕಿದರು.

ಅಲ್ಲಿಗೆ ಹೋಗುವ ಮುಂಚೆ ಮೂರು ರಾತ್ರಿ ಲಾಗ್‌ಬುಕ್ಕಿನ ಸ್ಕ್ಯಾನ್ ಪ್ರತಿಗಳನ್ನು ಓದಿದೆ. ಜಾಹೀರಾತಿನಲ್ಲಿ ಅಪಘಾತದ ಇತಿಹಾಸ ಇಲ್ಲ, ಒಣ ಹವೆಯ ಕ್ಯಾನ್ಸಸ್ ವಿಮಾನ ಅಂತಿತ್ತು. ಲಾಗ್‌ಬುಕ್ಕಿನ ರಬ್ಬರ್ ಸ್ಟಾಂಪುಗಳು ಬೇರೆ ಕಥೆ ಹೇಳಿದವು. 1981ರಿಂದ 1990ರವರೆಗೆ ರಿಪೇರಿ ಮಾಡಿದ ಅಂಗಡಿಗಳೆಲ್ಲ ಟೆಕ್ಸಸ್ ಕರಾವಳಿಯವು. ಎಫ್‌ಎಎ ಪ್ರತಿಯೊಂದು ವಿಮಾನದ ಕಡತವನ್ನೂ ಒಕ್ಲಹಾಮ ಸಿಟಿಯಲ್ಲಿ ಇಟ್ಟಿರುತ್ತದೆ, ಅಲ್ಪ ಶುಲ್ಕಕ್ಕೆ ಪ್ರತಿ ಕಳಿಸುತ್ತದೆ. ಅದರಲ್ಲಿ 1983ರ ಕೊನೆಯ ಒಂದು 337 ಅರ್ಜಿ ಸಿಕ್ಕಿತು. ದೊಡ್ಡ ರಿಪೇರಿ ಆದಾಗ ತುಂಬುವ ನಮೂನೆ ಅದು. ಎಡ ರೆಕ್ಕೆಯ ತುದಿ, ಮೂರು ರಿಬ್ಬು, ಹೊದಿಕೆ ಬದಲು. ಕಾರಣ ಬರೆದಿರಲಿಲ್ಲ. ಆ ಆಗಸ್ಟಿನಲ್ಲಿ ಗ್ಯಾಲ್ವೆಸ್ಟನ್ ಹತ್ತಿರ ಅಲಿಷಾ ಚಂಡಮಾರುತ ಅಪ್ಪಳಿಸಿತ್ತು. ನನ್ನ ಊಹೆ ಅದೇ.

ಯಜಮಾನರನ್ನು ಕೇಳಿದೆ. ಅವರಿಗೆ ಗೊತ್ತೇ ಇರಲಿಲ್ಲ. ಅವರು ಕೊಂಡಾಗ ಅವರಿಗೂ ಇಲ್ಲ ಅಂತಲೇ ಹೇಳಿದ್ದರಂತೆ. ನಲವತ್ತು ವರ್ಷದ ಹಿಂದಿನ, ಕಾಗದ ಸರಿಯಿರುವ ರಿಪೇರಿ ಹಾರಾಟಕ್ಕೆ ಏನೂ ತೊಂದರೆಯಲ್ಲ. ಆದರೆ ನಾಳೆ ನಾನು ಮಾರುವಾಗ ಜಾಹೀರಾತಿನಲ್ಲಿ ಆ ಸಾಲು ಬರೆಯುವಂತಿಲ್ಲ. 79,000 ಇದ್ದದ್ದು 76,000 ಆಯಿತು, ಹತ್ತು ನಿಮಿಷದ ಮಾತು. ಅದೇ ಕಡತದಲ್ಲಿ 1984ರ ಒಂದು ಬ್ಯಾಂಕ್ ಸಾಲದ ನಮೂದು ಇತ್ತು, ತೀರಿದೆ ಅನ್ನುವ ಕಾಗದ ಇರಲಿಲ್ಲ. ಆ ಬ್ಯಾಂಕು ಯಾವತ್ತೋ ಇನ್ನೊಂದರಲ್ಲಿ ವಿಲೀನವಾಗಿತ್ತು. ಋಣಮುಕ್ತಿ ಪತ್ರ ತರಿಸಲು ಮಾಲೀಕತ್ವದ ಕಾಗದ ನೋಡಿಕೊಳ್ಳುವ ಟೈಟಲ್ ಕಂಪನಿಗೆ ಮೂರು ವಾರ ಬೇಕಾಯಿತು. ನಮ್ಮ ಕಡೆ ಪಹಣಿಯಲ್ಲಿ ಸತ್ತ ತಾತನ ಹೆಸರು ತೆಗೆಸಲು ಓಡಾಡಿದವನಿಗೆ ಇದೇನು ಮಹಾ.

ನಾನು ಹೆಚ್ಚು ಗಮನಿಸಿದ್ದು ಇನ್ನೊಂದು ಪುಟವನ್ನು. ಎಂಜಿನ್ ಓವರ್‌ಹಾಲ್, ಅಂದರೆ ಪೂರ್ತಿ ಬಿಚ್ಚಿ ಸವೆದದ್ದನ್ನು ಬದಲಿಸಿ ಮತ್ತೆ ಜೋಡಿಸುವ ಕೆಲಸ, ಆದದ್ದು 1998ರಲ್ಲಿ, ಅದರ ಮೇಲೆ ಓಡಿದ್ದು 900 ಗಂಟೆ. ಲೈಕಮಿಂಗ್ ಕಂಪನಿ ಈ ಎಂಜಿನ್ನಿಗೆ ಹೇಳುವ ಅವಧಿ 2,000 ಗಂಟೆ ಅಥವಾ 12 ವರ್ಷ. ಖಾಸಗಿಯಾಗಿ ಹಾರಿಸುವವರಿಗೆ ಅದು ಕಡ್ಡಾಯವಲ್ಲ, ಮೂವತ್ತು ವರ್ಷ ಓಡಿಸುವವರಿದ್ದಾರೆ. ಆದರೆ 2011ರಿಂದ 2016ರವರೆಗೆ ಈ ವಿಮಾನ ಹಾರಿದ್ದು ಒಟ್ಟು 9 ಗಂಟೆ. ಯಜಮಾನರ ಹೆಂಡತಿ ಕಾಯಿಲೆ ಬಿದ್ದಿದ್ದ ವರ್ಷಗಳು ಅಂತ ಆಮೇಲೆ ತಿಳಿಯಿತು.

ಮೆಕ್ಯಾನಿಕ್ ಪಕ್ಕದ ಜಿಲ್ಲೆಯವನು, ಮಾತು ಕಡಿಮೆ. ಕೆಲಸ ಶುರು ಮಾಡುವ ಮುಂಚೆ ಒಂದೇ ಮಾತು ಹೇಳಿದ: “ವ್ಯಾಪಾರ ಮುರಿಯುವಂಥದ್ದನ್ನು ಮೊದಲು ಹುಡುಕುತ್ತೇನೆ. ಸಿಕ್ಕರೆ ಅಲ್ಲೇ ನಿಲ್ಲಿಸಿ ನಿಮಗೆ ಫೋನ್ ಮಾಡುತ್ತೇನೆ. ಆಮೇಲಿನ ಗಂಟೆಗಳ ದುಡ್ಡು ಉಳಿಯುತ್ತದೆ.” ಮೊದಲ ವಿಮಾನದಲ್ಲಿ ನಾನು ಟೈರಿನಿಂದ ಶುರು ಮಾಡಿ 23 ಅಂಶಕ್ಕೂ ದುಡ್ಡು ಕೊಟ್ಟಿದ್ದೆ. ಬಾಲ ಕೊನೆಗೆ ಬಂದಿತ್ತು.

ಮೊದಲು ತುಕ್ಕು. ಬಾಲದೊಳಗೆ, ರೆಕ್ಕೆಯೊಳಗೆ, ಕಾರ್ಪೆಟ್ಟಿನ ಕೆಳಗೆ, ಬಾಗಿಲ ಕಂಬದ ಬುಡದಲ್ಲಿ ಕನ್ನಡಿ, ಟಾರ್ಚ್ ಹಿಡಿದು ಅರ್ಧ ದಿನ ನೋಡಿದ. ಬಲ ರೆಕ್ಕೆಯಲ್ಲಿ ಇಲಿಗಳ ಗೂಡು. ಇಲಿ ಉಚ್ಚೆ ಅಲ್ಯೂಮಿನಿಯಂ ತಿನ್ನುತ್ತದೆ, ಅದಕ್ಕೇ ಗೂಡು ಕಂಡರೆ ಎಲ್ಲರ ಮುಖ ಬಾಡುತ್ತದೆ. ಗೂಡು ಹೊಸದು, ಕೆಳಗಿನ ಲೋಹ ಬರೀ ಮಸುಕಾಗಿತ್ತು. ಕರಾವಳಿಯಲ್ಲಿದ್ದಾಗ ಯಾರೋ ಪುಣ್ಯಾತ್ಮರು ಒಳಗೆಲ್ಲ ತುಕ್ಕು ನಿರೋಧಕ ಸಿಂಪಡಿಸಿದ್ದರು, ಅದು ಕಾಪಾಡಿತ್ತು.

ಸೀಟಿನ ಹಳಿಗಳಲ್ಲಿ ಒಂದು ಸವೆದಿತ್ತು. ಸಣ್ಣದು ಅನಿಸುತ್ತದೆ, ಅಲ್ಲ. ಸೆಸ್ನಾದಲ್ಲಿ ಪೈಲಟ್ ಸೀಟು ಹಳಿಯ ತೂತುಗಳಲ್ಲಿ ಕೂರುವ ಒಂದು ಪಿನ್ನಿನ ಮೇಲೆ ನಿಂತಿರುತ್ತದೆ. ತೂತು ಸವೆದು ಉದ್ದವಾದರೆ ಪಿನ್ನು ಜಾರುತ್ತದೆ. ಟೇಕಾಫ್ ಆಗಿ ಮೂತಿ ಮೇಲೆದ್ದ ಹೊತ್ತಿನಲ್ಲಿ ಸೀಟು ಹಿಂದಕ್ಕೆ ಜಾರಿದರೆ ಕೈ ಆಸರೆಗೆ ಹಿಡಿಯುವುದು ಚುಕ್ಕಾಣಿಯನ್ನೇ. ಮೂತಿ ಇನ್ನೂ ಮೇಲೇಳುತ್ತದೆ, ವಿಮಾನ ಸ್ಟಾಲ್ ಆಗುತ್ತದೆ, ಅಂದರೆ ರೆಕ್ಕೆ ಎತ್ತಿ ಹಿಡಿಯುವ ಬಲ ಕಳೆದುಕೊಳ್ಳುತ್ತದೆ. ಹೀಗೆ ಜನ ಸತ್ತಿದ್ದಾರೆ. ಅದಕ್ಕೇ ಈ ಹಳಿಗಳನ್ನು ಅಳೆದು ನೋಡಬೇಕೆಂಬ ಎಫ್‌ಎಎ ಆದೇಶವೇ ಇದೆ. ಇಂಥ ಆದೇಶಗಳಿಗೆ ಎ.ಡಿ. ಅನ್ನುತ್ತಾರೆ, ಪಾಲಿಸದಿದ್ದರೆ ಹಾರುವಂತಿಲ್ಲ. ಹಳಿ ಯಜಮಾನರ ಲೆಕ್ಕಕ್ಕೆ ಹೋಯಿತು, ತಕರಾರಿಲ್ಲದೆ.

ಆಮೇಲೆ ಎಂಜಿನ್. ಹದಿನೈದು ನಿಮಿಷ ಓಡಿಸಿ, ಬಿಸಿಯಿರುವಾಗಲೇ ಕಂಪ್ರೆಷನ್ ನೋಡಿದ. ಒಂದೊಂದು ಸಿಲಿಂಡರಿಗೂ 80 ಪೌಂಡ್ ಒತ್ತಡದ ಗಾಳಿ ಬಿಟ್ಟು ಎಷ್ಟು ನಿಲ್ಲುತ್ತದೆ ನೋಡುವುದು. 76, 75, ಮೂರನೆಯದು 58, ನಾಲ್ಕನೆಯದು 74. ಸಂಖ್ಯೆ 60ಕ್ಕಿಂತ ಕೆಳಗಿಳಿದರೆ ಸಿಲಿಂಡರ್ ಬಿಚ್ಚುವ ಯೋಚನೆ ಮಾಡಿ ಅನ್ನುತ್ತದೆ ಲೈಕಮಿಂಗ್. ಆದರೆ ಗಾಳಿ ಎಲ್ಲಿಂದ ಸೋರುತ್ತಿದೆ ಅನ್ನುವುದು ಸಂಖ್ಯೆಗಿಂತ ಮುಖ್ಯ. ಮೆಕ್ಯಾನಿಕ್ ನನ್ನನ್ನು ಕರೆದು ಕಿವಿಗೊಡು ಅಂದ. ಆಯಿಲ್ ಹಾಕುವ ಬಾಯಲ್ಲಿ ಸುಯ್ ಅಂದರೆ ಪಿಸ್ಟನ್ ರಿಂಗು, ಕಾರ್ಬುರೇಟರ್ ಕಡೆ ಕೇಳಿದರೆ ಇನ್‌ಟೇಕ್ ವಾಲ್ವ್, ಸೈಲೆನ್ಸರಿನಲ್ಲಿ ಕೇಳಿದರೆ ಎಕ್ಸಾಸ್ಟ್ ವಾಲ್ವ್. ಸೈಲೆನ್ಸರ್ ಹಾವಿನ ಹಾಗೆ ಬುಸುಗುಟ್ಟುತ್ತಿತ್ತು.

ಬೋರೋಸ್ಕೋಪ್, ಅಂದರೆ ಸಣ್ಣ ತೂತಿನಿಂದ ಒಳಗಿಳಿಸುವ ಕ್ಯಾಮೆರಾ, ಬಿಟ್ಟು ವಾಲ್ವಿನ ಮುಖ ನೋಡಿದೆವು. ಆರೋಗ್ಯವಾಗಿರುವ ಎಕ್ಸಾಸ್ಟ್ ವಾಲ್ವ್ ಒಳ್ಳೆ ಕಾವಲಿಯ ಮೇಲೆ ಬೆಂದ ದೋಸೆಯ ಹಾಗೆ, ಬಣ್ಣ ನಡುವಿನಿಂದ ಸುತ್ತಲೂ ಸಮನಾಗಿ ಹರಡಿರುತ್ತದೆ. ಮೂರನೆಯದರಲ್ಲಿ ಒಂದು ಅಂಚು ಮಾತ್ರ ಬೇರೆ ಬಣ್ಣಕ್ಕೆ ತಿರುಗಿತ್ತು. ಅಲ್ಲಿ ಸರಿಯಾಗಿ ಕೂರದೆ ಬಿಸಿಗಾಳಿ ನುಗ್ಗುತ್ತಿದೆ, ಇವತ್ತಲ್ಲ ನಾಳೆ ಆ ಅಂಚು ಮುರಿದು ಹೋಗುತ್ತದೆ. ಇದೂ ಯಜಮಾನರ ಲೆಕ್ಕಕ್ಕೇ. ಸಿಲಿಂಡರ್ ಬಿಚ್ಚಲು ಅಲ್ಲೇ ಸಹಿ ಹಾಕಿಕೊಟ್ಟರು.

ಅಷ್ಟಕ್ಕೇ ಮುಗಿದಿದ್ದರೆ ಈ ಬರಹ ಬರೆಯುತ್ತಿರಲಿಲ್ಲ. ಅದೇ ಮಧ್ಯಾಹ್ನ ಆಯಿಲ್ ಫಿಲ್ಟರ್ ಕತ್ತರಿಸಿ, ಒಳಗಿನ ನೆರಿಗೆ ಕಾಗದವನ್ನು ಬಿಡಿಸಿ, ಬಿಸಿಲಿಗೆ ಹಿಡಿದ. ಮಿಣುಕು ಮಿಣುಕು. ಅಯಸ್ಕಾಂತ ಹಿಡಿದರೆ ಎದ್ದು ಅಂಟಿಕೊಂಡವು, ಅಂದರೆ ಉಕ್ಕು. “ಸಿಲಿಂಡರ್ ಹೇಗೂ ಬಿಚ್ಚುತ್ತೀವಲ್ಲ, ಆ ಕಿಂಡಿಯಿಂದ ಕ್ಯಾಮ್ ನೋಡೋಣ,” ಅಂದ. ಕ್ಯಾಮ್ ಅಂದರೆ ಕ್ಯಾಮ್‌ಶಾಫ್ಟ್, ತನ್ನ ಮೈಮೇಲಿನ ಉಬ್ಬುಗಳಿಂದ ವಾಲ್ವುಗಳನ್ನು ತೆರೆಯುವ ದಂಡ. ಆ ಒಂದು ವಾಲ್ವ್ ಕೆಡದಿದ್ದರೆ ಆ ಕಿಂಡಿಯೇ ತೆರೆಯುತ್ತಿರಲಿಲ್ಲ. ಈ ಎಂಜಿನ್ನಿನಲ್ಲಿ ಸಿಲಿಂಡರ್ ತೆಗೆಯದೆ ಕ್ಯಾಮ್‌ಶಾಫ್ಟ್ ನೋಡಲು ಬೇರೆ ಸುಲಭದ ದಾರಿಯಿಲ್ಲ. ಬರೀ ಅನುಮಾನಕ್ಕೆ ಸಿಲಿಂಡರ್ ಬಿಚ್ಚಿ ಅಂದರೆ ಯಾವ ಮಾಲೀಕ ಒಪ್ಪುತ್ತಾನೆ? ನಾನಾಗಿದ್ದರೂ ಒಪ್ಪುತ್ತಿರಲಿಲ್ಲ.

ಲೈಕಮಿಂಗ್ ಎಂಜಿನ್ನಿನಲ್ಲಿ ಕ್ಯಾಮ್‌ಶಾಫ್ಟ್ ಇರುವುದು ಮೇಲ್ಗಡೆ, ಕ್ರ್ಯಾಂಕ್‌ಶಾಫ್ಟಿನ ಮೇಲೆ. ಎಂಜಿನ್ ನಿಂತ ಮೇಲೆ ದಿನ ಕಳೆದಂತೆ ಆಯಿಲ್ಲೆಲ್ಲ ಕೆಳಗಿಳಿದು ಕ್ಯಾಮ್ ಬರಿಮೈಯಾಗುತ್ತದೆ. ತೇವ ತಾಗಿ ತುಕ್ಕಿನ ಚುಕ್ಕೆ ಏಳುತ್ತದೆ. ಮತ್ತೆ ಓಡಿಸಿದಾಗ ಚುಕ್ಕೆಯ ಜಾಗದಲ್ಲಿ ಗಟ್ಟಿ ಮೇಲ್ಪದರ ಕಿತ್ತು ಬರುತ್ತದೆ, ಉಬ್ಬು ಸವೆಯುತ್ತದೆ, ಚೂರುಗಳು ಆಯಿಲ್ ಸೇರುತ್ತವೆ. ಅದಕ್ಕೇ ಕಡಿಮೆ ಓಡಿದ ವಿಮಾನ ಅಂದರೆ ಹಿಗ್ಗಬಾರದು. ಮರುದಿನ ಬೆಳಿಗ್ಗೆ ಸಿಲಿಂಡರ್ ಇಳಿಸಿ, ಕ್ರ್ಯಾಂಕ್ ಕೈಯಲ್ಲಿ ತಿರುಗಿಸುತ್ತ ನೋಡಿದೆವು. ಒಂದು ಉಬ್ಬು ನುಣ್ಣಗೆ ಹೊಳೆಯುತ್ತಿತ್ತು. ಅದರ ಪಕ್ಕದ್ದರ ಮೂಗು ಸಿಡುಬು ಎದ್ದ ಹಾಗೆ.

ಯಜಮಾನರು ಹ್ಯಾಂಗರಿನಲ್ಲಿ ಮಗುಚಿಟ್ಟ ಬಕೆಟ್ಟಿನ ಮೇಲೆ ಕೂತಿದ್ದರು. ಮೆಕ್ಯಾನಿಕ್ ಟಾರ್ಚ್ ಅವರ ಕೈಗೇ ಕೊಟ್ಟ. ನೋಡಿದರು. ತುಂಬ ಹೊತ್ತಿನ ಮೇಲೆ, “ನೀವು ಬರುವ ಮುಂಚೆ ಇದು ಚೆನ್ನಾಗಿ ಹಾರುತ್ತಿತ್ತು,” ಅಂದರು. ಸುಳ್ಳಲ್ಲ. ಕ್ಯಾಮ್ ಸವೆದ ಎಂಜಿನ್ ಒಂದೇ ದಿನ ಕೈ ಕೊಡುವುದಿಲ್ಲ, ಮೆಲ್ಲಗೆ ಶಕ್ತಿ ಕಳೆದುಕೊಳ್ಳುತ್ತ ಓಡುತ್ತಿರುತ್ತದೆ. ಮೊದಲ ವಿಮಾನದ ಮಾಲೀಕರು ಕೂಗಾಡಿದ್ದು ನೆನಪಾಯಿತು. ಇವರು ಕೂಗಲಿಲ್ಲ, ಅದು ಇನ್ನೂ ಕಷ್ಟವಾಯಿತು.

ಕ್ಯಾಮ್ ಬದಲಿಸಬೇಕಾದರೆ ಎಂಜಿನ್ ಇಬ್ಭಾಗ ಮಾಡಲೇಬೇಕು. ಅಷ್ಟು ಬಿಚ್ಚಿದ ಮೇಲೆ ಪೂರ್ತಿ ಓವರ್‌ಹಾಲ್ ಮಾಡಿಸುವುದೇ ಸರಿ. ಒಂದು ವರ್ಕ್‌ಶಾಪ್ 34,000 ಡಾಲರ್ ಹೇಳಿತು. ಒಪ್ಪಂದದ ಪ್ರಕಾರ ಇದು ಯಜಮಾನರ ಲೆಕ್ಕ. “ನಾನೇ ಮಾಡಿಸಿಕೊಡುತ್ತೇನೆ, ನಿಮ್ಮ ಬೆಲೆ ಹಾಗೇ ಇರಲಿ,” ಅಂದರು. ನಾನು ಬೇಡ ಅಂದೆ. ಒಳ್ಳೆಯ ಮನುಷ್ಯರೇ, ಅನುಮಾನವಿಲ್ಲ. ಆದರೆ ಕೈಬಿಟ್ಟು ಹೋಗುವ ವಸ್ತುವಿಗೆ ಯಾರಾದರೂ ಹುಡುಕುವುದು ಅಗ್ಗದ ರಿಪೇರಿಯನ್ನೇ. ಮಾರುವ ಮನೆಗೆ ಬಳಿಯುವ ಸುಣ್ಣದ ಹಾಗೆ. ಎಂಜಿನ್ ಯಾರ ಕೈಯಲ್ಲಿ ಆಗಬೇಕು, ಒಳಗೆ ಏನು ಹೊಸದು ಬೀಳಬೇಕು ಅನ್ನುವುದು ಅದರ ಹಿಂದೆ ಕೂತು ಹಾರುವವನ ತೀರ್ಮಾನ.

ಹಾಗಾದರೆ 34,000 ಪೂರ್ತಿ ಇಳಿಸಿ ಅನ್ನಬಹುದಿತ್ತೇ? ಕಾಗದ ನನ್ನ ಪರವಾಗಿತ್ತು, ಲೆಕ್ಕ ಇರಲಿಲ್ಲ. ನಾನು ಒಪ್ಪಿದ್ದು 900 ಗಂಟೆ ಓಡಿದ ಎಂಜಿನ್ನಿಗೆ, ಕೈಗೆ ಬರುವುದು ಸೊನ್ನೆ ಗಂಟೆಯದು. 2,000ದಲ್ಲಿ 900 ಅಂದರೆ ನೂರಕ್ಕೆ 45 ಪಾಲು ಆಯುಸ್ಸು ನನಗೆ ಬಿಟ್ಟಿ. ಆ 45 ಪಾಲು ನಾನು ಹಾಕಬೇಕು, 15,300. ಮಿಕ್ಕ 18,700 ಅವರದು. ಹ್ಯಾಂಗರಿನ ಗೋಡೆಗಿದ್ದ ಬೀಜದ ಕಂಪನಿಯ ಕ್ಯಾಲೆಂಡರಿನ ಹಿಂದೆ ಬರೆದು ತೋರಿಸಿದೆ. ಆದರೆ ಓವರ್‌ಹಾಲ್ ಆಗಿ ಇಪ್ಪತ್ತೈದು ವರ್ಷ ದಾಟಿತ್ತು, ಮಿಕ್ಕ 1,100 ಗಂಟೆ ಪೂರ್ತಿ ಅದರಲ್ಲಿತ್ತು ಅಂತ ನಾನೂ ನಂಬಿರಲಿಲ್ಲ, ಅವರೂ ನಂಬಿರಲಿಲ್ಲ. ಒಂದು ರಾತ್ರಿ ಯೋಚಿಸಿ ಅವರೇ ಫೋನ್ ಮಾಡಿ 21,000 ಇಳಿಸುತ್ತೇನೆ ಅಂದರು, ಹಳಿ ಮತ್ತು ಸಿಲಿಂಡರಿನ ಲೆಕ್ಕ ಅದರಲ್ಲೇ ಬಂತು. 55,000ಕ್ಕೆ ಮುಗಿಯಿತು. ಟವೆಲ್ ಮಾತ್ರ ಇರಲಿಲ್ಲ.

ಮೆಕ್ಯಾನಿಕ್ಕಿನ ಪಟ್ಟಿಯಲ್ಲಿ ಇನ್ನೂ ಹದಿನಾಲ್ಕು ಚಿಲ್ಲರೆ ಅಂಶ ಇದ್ದವು. ಬಾಗಿಲ ರಬ್ಬರ್ ಒಣಗಿದೆ, ಎರಡನೇ ರೇಡಿಯೋ ಕರಕರ ಅನ್ನುತ್ತದೆ, ಬಿಸಿಲು ಮರೆ ಮುರಿದಿದೆ, ಪ್ಯಾನೆಲ್ಲಿನ ಗಡಿಯಾರ ನಿಂತಿದೆ. ಇವನ್ನೂ ಒಂದು ಮಾತು ಎತ್ತೋಣವಾ, ಇನ್ನೊಂದು ಸಾವಿರ ಇಳಿದೀತು ಅಂತ ಹೋಟೆಲಿನಿಂದ ಮನೆಗೆ ಫೋನ್ ಮಾಡಿದಾಗ ಹೆಂಡತಿ ಅಂದಳು, “ಕಂಬಳಿ ಮೇಲೆ ಕೂತು ಊಟ ಮಾಡೋರು ಕೂದಲು ಸಿಕ್ತು ಅಂತಾರಾ ರೀ? ಐವತ್ತು ವರ್ಷದ್ದು ಅಂತ ಗೊತ್ತಿದ್ದೇ ಹೋಗಿದ್ದಲ್ವಾ?” ಎತ್ತಲಿಲ್ಲ.

ಎಂಜಿನ್ ಅಲ್ಲೇ ಇಳಿಸಿ ಟ್ರಕ್ಕಿನಲ್ಲಿ ಕಳಿಸಿದೆವು. ಉಕ್ಕಿನ ಚೂರು ಸುತ್ತುತ್ತಿರುವ ಎಂಜಿನ್ನಿನಲ್ಲಿ ಡಲ್ಲಾಸ್‌ವರೆಗೆ ಹಾರುವ ಧೈರ್ಯ ನನಗಿರಲಿಲ್ಲ, ಮೆಕ್ಯಾನಿಕ್ ಬಿಡುತ್ತಲೂ ಇರಲಿಲ್ಲ. ಬರಲು ಐದು ತಿಂಗಳು. ಆ ಐದು ತಿಂಗಳು ಹ್ಯಾಂಗರಿಗೆ ಯಜಮಾನರು ಬಾಡಿಗೆ ತಗೊಳ್ಳಲಿಲ್ಲ. ಎಂಜಿನ್ ಕೂರಿಸಿದ ದಿನ ಮೂತಿಯ ಕೆಳಗೆ ಕೈಯಿಟ್ಟುಕೊಂಡು ನಿಂತಿದ್ದರು. ಒಂದು ಸುತ್ತು ಬರುತ್ತೀರಾ ಅಂತ ಕೇಳಿದೆ. ಹೊಸ ಎಂಜಿನ್, ಮೊದಲು ನೀನು ಹೋಗಿ ಬಾ ಅಂದರು. ಅದೂ ಸರಿಯೇ.

ಟೇಕಾಫ್‌ಗೆ ಮುಂಚೆ ಸೀಟನ್ನು ಹಿಂದಕ್ಕೂ ಮುಂದಕ್ಕೂ ಎರಡು ಸಲ ಕುಲುಕಿ ನೋಡಿದೆ. ಈಗಲೂ ಪ್ರತಿ ಸಲ ನೋಡುತ್ತೇನೆ.

ಹದಿನಾಲ್ಕರಲ್ಲಿ ಆರು ಮುಗಿದಿವೆ. ಮಳೆ ಬಂದರೆ ಎಡ ಮೊಣಕಾಲು ಇನ್ನೂ ಒದ್ದೆಯಾಗುತ್ತದೆ. ಅಪ್ಪನಿಗೆ ಕ್ಯಾಮ್‌ಶಾಫ್ಟಿನ ಕಥೆಯೆಲ್ಲ ಫೋಟೋ ಸಮೇತ ಹೇಳಿದ್ದೆ, ಹೂಂ ಹೂಂ ಅಂತ ಕೇಳಿಸಿಕೊಂಡಿದ್ದರು. ಹೋದ ಭಾನುವಾರ ಹಾರುವ ಮುಂಚೆ ಒಳಗಿನ ವಿಡಿಯೋ ಕಳಿಸಿದೆ. ತಕ್ಷಣ ಫೋನ್ ಬಂತು.

“ಅದೇನೋ ನಾಲ್ಕು ಹತ್ತು ತೋರಿಸ್ತಿದೆ? ಅಲ್ಲಿ ಬೆಳಿಗ್ಗೆ ಅಲ್ವೇನೋ ಈಗ?”